ನೀಲಮ್ಮ ಇಡದ ಚೂರು

ಬಾವಿಯ ಕಟ್ಟೆ ಎರಡು ಅಡಿ ಒಂಬತ್ತು ಅಂಗುಲ ಎತ್ತರವಿತ್ತು. ಒಂದು ಬದಿ ಸ್ವಲ್ಪ ಕುಸಿದಿದ್ದರಿಂದ ಅಲ್ಲಿಯೂ ಅಳೆದೆ; ಎರಡು ಅಡಿ ಏಳು ಬಂತು. ಎರಡೂವರೆ ಅಡಿ ಇದ್ದರೆ ಸಾಕೆಂದು ನಮ್ಮ ನಮೂನೆಯಲ್ಲಿತ್ತು. ಆ ಪ್ರಶ್ನೆಯ ಮುಂದೆ ‘ಸರಿಯಿದೆ’ ಎಂದು ಬರೆದು, ಅಳತೆಪಟ್ಟಿಯನ್ನು ಸುತ್ತಿ ಚೀಲದಲ್ಲಿ ಇಟ್ಟುಕೊಂಡೆ.

ನಾನು ಯಾವ ಬಗೆಯವಳಾಗಿದ್ದೆ ಎಂಬುದು ಓದುವವರಿಗೆ ತಿಳಿದಿರಲಿ ಎಂದು ಇದನ್ನು ಮೊದಲು ಹೇಳಿದೆ. ಕಣ್ಣಿಗೆ ಕಂಡದ್ದನ್ನೂ ಒಮ್ಮೆ ಅಳೆದು ನೋಡುವ ಸ್ವಭಾವ ನನ್ನದು. ಮನಸ್ಸಿಗೆ ಹಾಗನ್ನಿಸಿತು, ಒಳಗಿನಿಂದ ಯಾರೋ ಹೇಳಿದಂತಾಯಿತು ಎಂದು ಯಾರಾದರೂ ಅಂದರೆ ಎದುರಿಗೆ ಸುಮ್ಮನಿರುತ್ತಿದ್ದೆ, ಒಳಗೊಳಗೆ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ಕಮಲಾಪುರದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ಅದರಲ್ಲಿ ಏನಾದರೂ ತಿಳಿದರೆ ನನಗಿಂತ ಹೆಚ್ಚು ತಿಳಿದಂತೆ.

ಆಗ ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಕಲಬುರ್ಗಿಗೆ ಮರಳಿ ಒಂದು ವರ್ಷವಾಗಿತ್ತು. ಊರೊಳಗಿನ ಗಾಜಿಪುರ ಓಣಿಯಲ್ಲಿ ಒಂದು ಮಕ್ಕಳ ಮನೆಯಿತ್ತು. ಪ್ಲೇಗಿನಲ್ಲಿ ತಾಯಿತಂದೆಯರನ್ನು ಕಳೆದುಕೊಂಡ ಮಕ್ಕಳನ್ನು ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಚಿಕ್ಕಪ್ಪನೋ ಸೋದರಮಾವನೋ ಬಂದು ಮಗುವನ್ನು ಕರೆದುಕೊಂಡು ಹೋದರೆ, ಮೂರು ತಿಂಗಳಾದ ಮೇಲೆ ಆ ಮನೆಗೆ ಹೋಗಿ, ಮಗು ಅಲ್ಲಿ ಕ್ಷೇಮವಾಗಿದೆಯೋ ಇಲ್ಲವೋ ನೋಡಿ ಬರೆಯುವುದು ನನ್ನ ಕೆಲಸ. ಅದಕ್ಕೆಂದೇ ಉರ್ದುವಿನಲ್ಲಿ ಅಚ್ಚು ಹಾಕಿಸಿದ ನಮೂನೆಯಿತ್ತು. ಮೇಲೆ ಸರಕಾರದ ಮೊಹರು, ಕೆಳಗೆ ಹದಿನಾಲ್ಕು ಪ್ರಶ್ನೆಗಳು. ಮಗು ಎಲ್ಲಿ ಮಲಗುತ್ತದೆ, ದಿನಕ್ಕೆ ಎಷ್ಟು ಸಲ ಊಟ, ಮೈಮೇಲೆ ಬಾಸುಂಡೆ ಇದೆಯೇ, ಒಲೆ ಎಲ್ಲಿದೆ, ಬಾವಿಗೆ ಕಟ್ಟೆ ಇದೆಯೇ, ಮನೆಯಲ್ಲಿ ಕುಡಿಯುವವರಿದ್ದಾರೆಯೇ, ಹೀಗೆ. ಒಂದಕ್ಕೆ ಕೆಟ್ಟ ಉತ್ತರ ಬಂದರೂ ಮಗುವನ್ನು ನಮ್ಮ ಜೊತೆಯಲ್ಲೇ ಮರಳಿ ಕರೆತರಬೇಕು. ಎಲ್ಲ ಸರಿಯಿದ್ದು ನನ್ನ ಅಂಕಿತ ಬಿದ್ದರೆ ಮಗು ಅಲ್ಲಿಯೇ ಉಳಿಯಿತು. ಆಮೇಲೆ ಆ ಮನೆಗೆ ಮತ್ತೆ ಯಾರೂ ಹೋಗಿ ನೋಡುತ್ತಿರಲಿಲ್ಲ.

ಮಕ್ಕಳ ಮನೆಯ ಆಯಾ ಖಾಜಾಬಿ ನನ್ನ ಜೊತೆಗೆ ಬರುತ್ತಿದ್ದಳು. ಅರವತ್ತು ದಾಟಿದ್ದ ಹೆಂಗಸು. ಹೊಸ್ತಿಲ ಮೇಲೆ ಕಾಲಿಟ್ಟ ಕೂಡಲೇ ಮನೆ ಎಂಥದೆಂದು ತನಗೆ ತಿಳಿದುಬಿಡುತ್ತದೆ ಎಂಬುದು ಅವಳ ಹೆಮ್ಮೆ. “ನಿಮ್ಮ ಚೌದಾ ಸವಾಲ್ ನೀವು ಬರಕೊಳ್ರಿ ಬಾಯಿಸಾಬ. ನನಗ ಈ ಮೂಗು ಒಂದಽ ಸಾಕು,” ಎನ್ನುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ.

ಅಂದು ನಾವು ನೋಡಲು ಹೋದದ್ದು ನೀಲಮ್ಮನನ್ನು. ಎಂಟು ವರ್ಷದ ಹುಡುಗಿ. ಅವಳ ಸೋದರಮಾವ ಭೀಮರಾಯ ಕಮಲಾಪುರದ ಒಕ್ಕಲಿಗ. ಅವನಿಗೂ ಹೆಂಡತಿ ಗುರುಬಾಯಿಗೂ ಮಕ್ಕಳಿರಲಿಲ್ಲ. ಮೂರು ತಿಂಗಳ ಹಿಂದೆ ಅವನು ಗಾಜಿಪುರಕ್ಕೆ ಬಂದು, ಹೆಬ್ಬೆಟ್ಟು ಒತ್ತಿ, ತೀರಿಹೋದ ಅಕ್ಕನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದದ್ದನ್ನು ನಾನೇ ನೋಡಿದ್ದೆ.

ಕಲಬುರ್ಗಿಯ ಜಗತ್ ಎಂಬಲ್ಲಿ ಮೋಟಾರು ಹತ್ತಿ ಮಧ್ಯಾಹ್ನದ ಹೊತ್ತಿಗೆ ಕಮಲಾಪುರದಲ್ಲಿ ಇಳಿದೆವು. ಅಂದು ಸಂತೆಯಿರಲಿಲ್ಲವಾದ್ದರಿಂದ ಬೀದಿ ಖಾಲಿಯಿತ್ತು. ಭೀಮರಾಯ ಹೊಲಕ್ಕೆ ಹೋಗಿದ್ದ. ಬಾಗಿಲಲ್ಲಿ ಖಾಜಾಬಿ ಒಂದು ಗಳಿಗೆ ನಿಂತು, “ಚಲೋ ಮನಿ ಅದ, ಬಿಲ್ಕುಲ್ ಫಿಕರ್ ಬ್ಯಾಡ,” ಎಂದು ನನ್ನ ಕಿವಿಯಲ್ಲಿ ತೀರ್ಪು ಕೊಟ್ಟಳು. ಅವಳ ಮೂಗಿಗೂ ಅಂದು ಏನೂ ತಿಳಿಯಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಗುರುಬಾಯಿ ಚಾಪೆ ಹಾಸಿ, ಎರಡು ಕೆಂಪು ಬಾಳೆಹಣ್ಣು ತಂದಿಟ್ಟಳು. ನಾನು ಬೇಡವೆಂದೆ, ನೋಡಲು ಹೋದ ಮನೆಯಲ್ಲಿ ಏನನ್ನೂ ತಿನ್ನಬಾರದೆಂಬ ನಿಯಮವಿತ್ತು. “ಸರಕಾರದವರು ಬಾಳಿಹಣ್ಣು ತಿಂದ್ರ ಲಂಚ ಆಗತದೇನ್ರಿ?” ಎಂದು ಗುರುಬಾಯಿ ನಕ್ಕಳು.

“ಅವರಿಗೆ ಆಗತದವ್ವ, ನನಗ ಆಗೂದಿಲ್ಲ,” ಎಂದು ಖಾಜಾಬಿ ಎರಡನ್ನೂ ಎತ್ತಿಕೊಂಡಳು.

ನಾನು ಮುಂದಿನ ಅಂಗಳದಲ್ಲಿದ್ದ ಬಾವಿಯಿಂದ ಆರಂಭಿಸಿ ನನ್ನ ಕೆಲಸ ಮಾಡುತ್ತ ಹೋದೆ. ಒಲೆ ಗೋಡೆಯ ಬದಿಗಿತ್ತು. ಹುಡುಗಿಯ ಹಾಸಿಗೆ ಅತ್ತೆಯ ಹಾಸಿಗೆಯ ಪಕ್ಕದಲ್ಲೇ. ಕೌದಿ ಹೊಸದು. ಕೈಕಾಲು, ಬೆನ್ನು ನೋಡಿದೆ. ಮೊಣಕಾಲಲ್ಲಿ ಬಿದ್ದ ಗಾಯ ಒಂದು ಬಿಟ್ಟರೆ ಏನಿಲ್ಲ. ಗಾಜಿಪುರದಲ್ಲಿ ಸಡಿಲವಾಗಿದ್ದ ಅವಳ ಕುಪ್ಪಸ ಈಗ ತೋಳಿನಲ್ಲಿ ಬಿಗಿಯಾಗಿತ್ತು. ಹದಿನಾಲ್ಕರಲ್ಲಿ ಹದಿಮೂರು ಪ್ರಶ್ನೆಗಳಿಗೆ ಉತ್ತರ ಬರೆದಾಯಿತು, ಎಲ್ಲವೂ ಒಳ್ಳೆಯವೇ. ಉಳಿದದ್ದು ಕೊನೆಯದು: ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿದಿರಾ?

ನಡುಮನೆಯ ಪಕ್ಕದ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕುಳಿತೆವು. ಕೂತ ಕೂಡಲೇ ನೀಲಮ್ಮ ಕೇಳಿದಳು, “ನನ್ನ ಒಯ್ಯಾಕ ಬಂದೀರೇನ್ರಿ?”

“ನೋಡಲಿಕ್ಕೆ ಬಂದೇನಿ,” ಎಂದೆ.

“ನೋಡಿದಿರಲ್ರಿ. ಹೋಗ್ರಿ ಮತ್ತ.”

ಇಂಥ ಮಗುವನ್ನು ನೇರವಾಗಿ ಕೇಳಿ ಉಪಯೋಗವಿಲ್ಲ. ಇರಬೇಕೆನ್ನುವ ಮಗು ಬಿದ್ದ ಹೊಡೆತವನ್ನೂ ಮುಚ್ಚಿಡುತ್ತದೆ, ಹೋಗಬೇಕೆನ್ನುವ ಮಗು ಬೀಳದ ಹೊಡೆತವನ್ನೂ ಹೇಳುತ್ತದೆ. ಅದಕ್ಕಾಗಿ ನಾನೊಂದು ರೂಢಿ ಮಾಡಿಕೊಂಡಿದ್ದೆ. ನನ್ನ ಚೀಲದಲ್ಲಿ ಒಂದು ಸಂಚಿ, ಅದರಲ್ಲಿ ಹನ್ನೆರಡು ಬಳೆಚೂರುಗಳು. ಹೆಣ್ಣುಮಕ್ಕಳು ಹೇಗೂ ಬಳೆಚೂರಿನಲ್ಲಿ ಮನೆ ಕಟ್ಟಿ ಆಡುತ್ತಾರೆ. ನೆಲದ ಮೇಲೆ ನಿನ್ನ ಮನೆ ಕಟ್ಟು ಎಂದರೆ ಕಟ್ಟುತ್ತಾರೆ. ಇದು ಒಲೆ, ಇದು ಬಾಗಿಲು, ಇದು ನಾನು ಮಲಗುವ ಜಾಗ ಎಂದು ಒಂದೊಂದೇ ಚೂರು ಇಡುತ್ತಾರೆ. ಎಲ್ಲಿಗೆ ಒಬ್ಬಳೇ ಹೋಗುತ್ತೀ, ಎಲ್ಲಿಗೆ ಹೋಗುವುದಿಲ್ಲ, ಸಿಟ್ಟು ಬಂದರೆ ಎಲ್ಲಿ ಅಡಗುತ್ತೀ ಎಂದು ಆ ಚೂರುಗಳ ಮೇಲೆ ಕೇಳುತ್ತೇನೆ. ಬಾಯಿ ಮುಚ್ಚಿಕೊಂಡ ಮಗುವಿನ ಕೈ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಅವರು ಇಡುತ್ತ ಹೋದ ಹಾಗೆ ನಾನು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆದು, ಪ್ರತಿಯೊಂದು ಗುರುತಿನ ಪಕ್ಕ ಹೆಸರು ಬರೆದುಕೊಳ್ಳುತ್ತೇನೆ. ಕೊನೆಗೆ ಹನ್ನೆರಡನ್ನೂ ಎಣಿಸಿ ಸಂಚಿಗೆ ಹಾಕುತ್ತೇನೆ.

ಪುಟದ ತಲೆಯಲ್ಲಿ ಸಮಯ ಬರೆದೆ: ಮೂರು ಗಂಟೆ ಹತ್ತು ನಿಮಿಷ. ನೀಲಮ್ಮ ಚುರುಕಾಗಿ ಇಟ್ಟಳು. ಬಾಗಿಲು, ಒಲೆ, ಬೀಸುವ ಕಲ್ಲು, ದೇವರ ಗೂಡು, ಹಾಸಿಗೆಗಳು ಮೂರು, ಕೌದಿಗಳ ಒಟ್ಟಿಲು, ನೀರಿನ ಗಡಿಗೆ, ಬಾವಿ, ಕೊಟ್ಟಿಗೆ, ಹಿತ್ತಿಲ ಗೋಡೆ. ಕೊಟ್ಟಿಗೆಯ ಮೇಲೆ ಬೆರಳಿಟ್ಟು, “ಎಡಗಡಿ ಎತ್ತು ಬಾಳ ಹರಾಮಿ ಅದರಿ, ಒದಿತದ. ನಾ ಅದರ ಹಿಂದ ಹೋಗಂಗಿಲ್ಲ,” ಎಂದಳು. ಸಿಟ್ಟು ಬಂದರೆ ಕೌದಿಗಳ ಒಟ್ಟಿಲಿನ ಹಿಂದೆ ಅಡಗುತ್ತಾಳಂತೆ. ಮಾವ ಬೇಕೆಂದೇ ಬೇರೆ ಕಡೆ ಹುಡುಕುತ್ತಾನಂತೆ. ಹನ್ನೆರಡೂ ಚೂರು ಮುಗಿದವು. ಎಣಿಸಿ ಸಂಚಿಗೆ ಹಾಕಿ ಹೊರಗೆ ಬಂದೆ. ನನ್ನ ನೆನಪಿನಲ್ಲಿ ಇಷ್ಟೇ ನಡೆದದ್ದು. ಕಾಲು ಗಂಟೆಯ ಕೆಲಸ.

ಹೊರಗೆ ಖಾಜಾಬಿ ನಿದ್ದೆಯಿಂದೆದ್ದು ಕಣ್ಣೊರೆಸಿಕೊಳ್ಳುತ್ತಿದ್ದಳು. “ಒಳಗ ಏನು ನಿಕಾಹ್ ಮಾಡಾಕತ್ತಿದ್ರೇನು ಬಾಯಿಸಾಬ, ಇಷ್ಟೊತ್ತು?” ಎಂದಳು. ಗಡಿಯಾರ ನೋಡಿದೆ. ನಾಲ್ಕು ಗಂಟೆ ಐದು ನಿಮಿಷ. ಮೂರು ಹತ್ತು ಎಂದು ನಾನೇ ತಪ್ಪು ಓದಿರಬೇಕು ಎಂದುಕೊಂಡೆ. ಅಂಥ ತಪ್ಪು ನಾನು ಮಾಡುವುದಿಲ್ಲ, ಆದರೂ ಹಾಗೆಯೇ ಅಂದುಕೊಂಡೆ.

ನಾಲ್ಕೂವರೆಗೆ ಮೋಟಾರು. ಅಂಕಿತ ಹಾಕುವ ಮೊದಲು ನಕ್ಷೆಯನ್ನು ಒಮ್ಮೆ ಮನೆಯೊಂದಿಗೆ ತಾಳೆ ನೋಡುವುದು ನನ್ನ ಕ್ರಮ. ನೋಟುಬುಕ್ಕು ತೆರೆದೆ. ಹನ್ನೆರಡು ಗುರುತುಗಳು, ಪ್ರತಿಯೊಂದರ ಪಕ್ಕದಲ್ಲೂ ಹೆಸರು. ಅದಲ್ಲದೆ ಹಿತ್ತಿಲಿನಲ್ಲಿ, ಕೊಟ್ಟಿಗೆಗೂ ಗೋಡೆಗೂ ನಡುವೆ, ಇನ್ನೊಂದು ಗುರುತು. ದುಂಡಗಿನ ಸಣ್ಣ ವೃತ್ತ. ಅದಕ್ಕೆ ಹೆಸರಿರಲಿಲ್ಲ. ಪೆನ್ಸಿಲನ್ನು ಎಷ್ಟು ಒತ್ತಿ ಸುತ್ತಿಸಲಾಗಿತ್ತೆಂದರೆ ಹಾಳೆ ತೂತಾಗಿ ಕೆಳಗಿನ ಪುಟಕ್ಕೂ ಗುರುತು ಇಳಿದಿತ್ತು. ನಾನು ಹಗುರವಾಗಿ ಬರೆಯುವವಳು.

ಸಂಚಿಯನ್ನು ಮತ್ತೆ ಬಿಚ್ಚಿ ಎಣಿಸಿದೆ. ಹನ್ನೆರಡೇ ಇದ್ದವು.

ಹಿತ್ತಿಲಿಗೆ ನಾನು ಅಲ್ಲಿಯವರೆಗೆ ಹೋಗಿರಲಿಲ್ಲ. ಕೊಟ್ಟಿಗೆಯನ್ನು ಒಳಬಾಗಿಲಿನಿಂದ ನೋಡಿದ್ದೆ. ಈಗ ಹೋದೆ. ಆ ಜಾಗದಲ್ಲಿ ಏನೂ ಇರಲಿಲ್ಲ. ಸಗಣಿಯಿಂದ ಸಾರಿಸಿದ ಸಮ ನೆಲ, ಮೂಲೆಯಲ್ಲಿ ದನಕ್ಕೆ ಹಾಕುವ ಒಂದಿಷ್ಟು ಜೋಳದ ಕಣಿಕೆ. ಕಾಲಿನಿಂದ ತಟ್ಟಿ ನೋಡಿದೆ, ಗಟ್ಟಿ ನೆಲ. ಅಷ್ಟರಲ್ಲಿ ಗುರುಬಾಯಿ ನೀರು ಹಿಡಿದುಕೊಂಡು ಬಂದಳು. “ಇಲ್ಲಿ ಏನದ?” ಎಂದು ಕೇಳಿದೆ. ಏನೂ ಇಲ್ಲ ಎಂಬ ಉತ್ತರ ಬಂದಿದ್ದರೆ ಗುರುತನ್ನು ಅಳಿಸಿ ಮೋಟಾರಿಗೆ ಹೋಗುತ್ತಿದ್ದೆ.

ಗುರುಬಾಯಿಯ ಮುಖ ಇಳಿಯಿತು. ಮನೆಯ ಕಡೆ ತಿರುಗಿ, “ಹೇಳಿದೇನವ್ವಾ ನೀಲಾ? ಹೇಳಿಬಿಟ್ಟಿಯೇನು?” ಎಂದು ಕೂಗಿದಳು.

ನೀಲಮ್ಮ ಓಡಿಬಂದಳು. “ಇಲ್ಲತ್ತಿ! ನಾ ಹೇಳಿಲ್ಲ! ನಿನ್ನ ಆಣಿ, ನಾ ಹೇಳಿಲ್ಲ!”

“ಹಂಗಾರ ಇವರಿಗೆ ಹ್ಯಾಂಗ ತಿಳೀತು? ನೆಲಕ್ಕ ಬಾಯಿ ಬಂತೇನು?”

ಹುಡುಗಿ ನನ್ನತ್ತ ನೋಡಿದ ನೋಟವನ್ನು ನಾನು ಮರೆತಿಲ್ಲ. ಅದೇ ಹೊತ್ತಿಗೆ ಭೀಮರಾಯ ಹೊಲದಿಂದ ಬಂದ. ಹೆಂಡತಿ ಅವನಿಗೆ ಎರಡು ಮಾತು ಹೇಳಿದಳು. ಅವನು ಹೆಗಲ ಮೇಲಿನ ನೇಗಿಲನ್ನು ಇಳಿಸಿ, ಬಹಳ ಮರ್ಯಾದೆಯಿಂದಲೇ ಕೇಳಿದ, “ಯಾರು ಹೇಳಿದ್ರಿ ನಿಮಗ?”

ಆ ನೆಲದ ಕೆಳಗೆ ಅವರ ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ. ಒಳಗೆ ಹೊಟ್ಟೆ ಅಗಲ, ಬಾಯಿ ಕಿರಿದು. ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮೊಳದುದ್ದ ಮಣ್ಣು ಹಾಕಿ, ಸಾರಿಸಿಬಿಟ್ಟರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಲೂಬಾರದು. ಕಳ್ಳರಿಗೆ ಎಷ್ಟು ಹೆದರುತ್ತಾರೋ ಕಚೇರಿಯವರಿಗೂ ಅಷ್ಟೇ ಹೆದರುತ್ತಾರೆ. ಸರಕಾರದ ಮೊಹರಿನ ಕಾಗದ ಹಿಡಿದು ಬಂದ ನನಗೆ ಮನೆಯ ಹುಡುಗಿ ಹಗೇವಿನ ಜಾಗ ತೋರಿಸಿದಳು ಎಂದರೆ ಅದು ಸಣ್ಣ ತಪ್ಪಲ್ಲ. ಮೂರು ತಿಂಗಳಿನಿಂದ ಮನೆಯವಳಾಗಲು ಹೆಣಗುತ್ತಿದ್ದ ಮಗು ಒಂದು ಮಧ್ಯಾಹ್ನದಲ್ಲಿ ಹೊರಗಿನವಳಾಗುತ್ತಿತ್ತು.

“ನೀಲಮ್ಮ ಹೇಳಿಲ್ಲ,” ಎಂದೆ. ಅದು ನಿಜವೆಂದು ಆಗ ನನಗೆ ಖಾತ್ರಿಯಿರಲಿಲ್ಲ. “ನನಗೆ ಜೋಳ ಬೇಕಾಗಿಲ್ಲ. ಎಷ್ಟಿದೆ ಎಂದೂ ಕೇಳುವುದಿಲ್ಲ. ಇದನ್ನು ಯಾವಾಗ ತೆರೆಯುತ್ತೀರಿ, ಒಳಗೆ ಯಾರು ಇಳಿಯುತ್ತಾರೆ, ಅಷ್ಟು ಹೇಳಿ.”

ಈ ಪ್ರಶ್ನೆ ನನ್ನ ಬಾಯಿಗೆ ಹೇಗೆ ಬಂತೋ ತಿಳಿಯದು. ನಮೂನೆಯಲ್ಲಿ ಹಗೇವಿನ ಮಾತೇ ಇಲ್ಲ.

ಭೀಮರಾಯ ಸ್ವಲ್ಪ ಸಡಿಲವಾದ. “ನಾಳೆ ಮುಂಜಾನಿ ತೆರೀತೀವ್ರಿ. ನಾಕು ವರ್ಷ ಆತು ತೆರೆದಿಲ್ಲ. ನೀಲಾ ಇಳೀತಾಳ.”

“ಎಂಟು ವರ್ಷದವಳು?”

“ಮತ್ತ ಯಾರು ಇಳೀಬೇಕ್ರಿ? ಹಗೇವಿನ ಮೊದಲ ಬುಟ್ಟಿ ಮನಿಮಗಳು ತುಂಬಬೇಕು. ನಮ್ಮ ಸೋದರತ್ತಿ ಇಳಿದಾಳ, ನಮ್ಮಕ್ಕ ಇಳಿದಾಳ. ಈಕಿ ಅವ್ವ. ಈಟಽ ಇದ್ದಳು, ಇದಽ ಹಗೇವಿನ್ಯಾಗ.” ಅವನ ದನಿಯಲ್ಲಿ ಹೆಮ್ಮೆಯಿತ್ತು. “ಊರ ಮಂದಿ ‘ಯಾರದೋ ಕೂಸು ತಂದಾನ’ ಅಂತಾರ. ನಾಳೆ ನೋಡ್ಲಿ ಯಾರದು ಅಂತ.”

ನೀಲಮ್ಮ ಮಾವನ ಧೋತರದ ಅಂಚು ಹಿಡಿದು ನಿಂತು, “ನಾ ಅಂಜಂಗಿಲ್ಲ,” ಎಂದಳು.

ಆಗ ನನಗೆ ಎಲ್ಲ ಸ್ಪಷ್ಟವಾಯಿತು. ಈ ಮನೆಯಲ್ಲಿ ಹುಡುಗಿಯನ್ನು ಯಾರೂ ಹೊಡೆಯುತ್ತಿರಲಿಲ್ಲ, ಯಾರೂ ಹಸಿವಿನಲ್ಲಿ ಇಡುತ್ತಿರಲಿಲ್ಲ. ಅವಳನ್ನು ಮಗಳನ್ನಾಗಿ ಮಾಡಿಕೊಳ್ಳುವ ಸಂಭ್ರಮದಲ್ಲಿ ನೆಲದ ಕೆಳಗೆ ಇಳಿಸುವವರಿದ್ದರು. ಪ್ರತಿ ವರ್ಷ ತೆರೆಯುವ ಹಗೇವಾದರೆ ಬಾಯಿ ತೆಗೆದು ಪೂಜೆ ಮಾಡುವಷ್ಟು ಹೊತ್ತು ಬಿಟ್ಟರೆ ಸಾಕಾಗುತ್ತಿತ್ತೇನೋ. ಅವರ ಹಿರಿಯರ ರೂಢಿ ಅದೇ. ಇದು ನಾಲ್ಕು ವರ್ಷ ಮುಚ್ಚಿದ್ದು. ಹೋದ ಮಳೆಗಾಲದಲ್ಲಿ ಕೊಟ್ಟಿಗೆಯ ನೀರು ಆ ಕಡೆ ನಿಂತಿತ್ತೆಂದು ಗುರುಬಾಯಿಯೇ ಹೇಳಿದಳು. ನೆನೆದ ಕಾಳು ಮುಚ್ಚಿದ ಗುಂಡಿಯಲ್ಲಿ ಕೊಳೆತರೆ ಗಾಳಿ ವಿಷವಾಗುತ್ತದೆ, ಅದರಲ್ಲಿ ದೀಪವೂ ಉಳಿಯುವುದಿಲ್ಲ, ಉಸಿರೂ ಉಳಿಯುವುದಿಲ್ಲ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ.

ಹೇಳಿದೆ. ಭೀಮರಾಯ ನಕ್ಕ. “ನಮ್ಮಜ್ಜ ತೋಡಿದ ಹಗೇವಿನ್ಯಾಗ ಕೆಟ್ಟ ಗಾಳಿ ಎಲ್ಲಿಂದ ಬರಬೇಕ್ರಿ ಬಾಯಾರ?” ಹುಡುಗಿಗಿಂತ ಮೊದಲು ಒಂದು ಕಂದೀಲು ಇಳಿಸಿ ನೋಡಿ, ಅಷ್ಟು ಮಾಡಿ ಎಂದೆ. ಅದಕ್ಕೂ ಅವನು ಒಪ್ಪುವ ಹಾಗೆ ಕಾಣಲಿಲ್ಲ. ಮಗಳಿಗಿಂತ ಮೊದಲು ಇನ್ನೇನೋ ಇಳಿದರೆ ಶಾಸ್ತ್ರ ಕೆಡುತ್ತದೆಂದು ಗುರುಬಾಯಿ ಅನುಮಾನ ಪಟ್ಟಳು. ಖಾಜಾಬಿ ನಡುವೆ ಬಂದಳು. “ಅರೆ ಭೀಮರಾಯಣ್ಣ, ದೀಪ ಅಂದ್ರ ಲಕ್ಷ್ಮಿ ಅಂತೀರಿ ನೀವಽ. ಮುಂದ ಲಕ್ಷ್ಮಿ ಹೋಗಲಿ, ಹಿಂದ ಮಗಳು ಹೋಗಲಿ. ಎಣ್ಣಿ ಖರ್ಚು ಅಂತೀರೇನು? ನಾ ಕೊಡತೇನಿ.” ಅವನು ನಕ್ಕುಬಿಟ್ಟ. ಒಪ್ಪಿದ.

ಈ ಮಾತಿನಲ್ಲಿ ನಾಲ್ಕೂವರೆಯ ಮೋಟಾರು ಹೋಯಿತು. ಅಲ್ಲಿಯೇ ಉಳಿದೆವು. ಇಂಥ ಬರಹಗಳಲ್ಲಿ ರಾತ್ರಿ ಏನಾದರೂ ನಡೆಯಬೇಕೆಂದು ಓದುವವರು ಕಾಯುತ್ತಾರೆ. ಏನೂ ನಡೆಯಲಿಲ್ಲ. ನನಗೆ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಮಣ್ಣು ತೆಗೆದು ಕಲ್ಲು ಸರಿಸಿದರು. ಹುಳಿ ಹೆಂಡದಂಥ ಬೆಚ್ಚನೆಯ ವಾಸನೆ ಬಂತು. ನೀಲಮ್ಮನಿಗೆ ಎಣ್ಣೆ ಹಚ್ಚಿ ಎರೆದು, ಹೊಸ ಪರಕಾರ ಉಡಿಸಿ, ಹಣೆಗೆ ದೊಡ್ಡ ಕುಂಕುಮ ಇಟ್ಟಿದ್ದರು. ನಡುವಿಗೆ ಹಗ್ಗ ಆಗಲೇ ಕಟ್ಟಿಯಾಗಿತ್ತು. ಗುರುಬಾಯಿ ಪೂಜೆ ಮಾಡಿ ಕಾಯಿ ಒಡೆದಳು. ಅವರ ರೂಢಿಯಂತೆ ಹುಡುಗಿ ಇಳಿಯಬೇಕಾದ ಗಳಿಗೆ ಅದೇ. ಭೀಮರಾಯ ನನ್ನ ಕಡೆ ನೋಡಿ, ಮಾತು ಕೊಟ್ಟಿದ್ದೇನಲ್ಲ ಎಂಬಂತೆ ಕಂದೀಲು ಹಚ್ಚಿ ಹಗ್ಗದಲ್ಲಿ ಬಿಟ್ಟ.

ಒಂದಾಳುದ್ದ ಇಳಿಯುವಷ್ಟರಲ್ಲಿ ಅದು ಆರಿತು. ಗಾಳಿಗೆ ಆರುವ ದೀಪ ಒಮ್ಮೆ ಹೊಯ್ದಾಡುತ್ತದೆ. ಇದು ಹೊಯ್ದಾಡಲಿಲ್ಲ, ಚಿಕ್ಕದಾಗುತ್ತ ಹೋಗಿ ಇಲ್ಲವಾಯಿತು.

ಯಾರೂ ಹೇಳದೆಯೇ ಅವನು ಅದನ್ನು ಮೇಲೆಳೆದು, ಮತ್ತೆ ಹಚ್ಚಿ ಬಿಟ್ಟ. ಅಲ್ಲಿಯೇ ಆರಿತು. ಬತ್ತಿ ತಿದ್ದಿ, ಎಣ್ಣೆ ನೋಡಿ ಮೂರನೆಯ ಸಲ ಬಿಟ್ಟ. ಅದೂ ಆರಿದ ಮೇಲೆ ಹಗ್ಗವನ್ನು ಕೈಯಲ್ಲೇ ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. “ಕೂಸಿನ್ನ ಬಿಡತಿದ್ದೆ,” ಎಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಅಂದ. ಗುರುಬಾಯಿ ಹುಡುಗಿಯ ನಡುವಿನ ಗಂಟು ಬಿಚ್ಚಲು ಹೋದಳು. ಅವಸರದಲ್ಲಿ ಎಳೆದು ಅದು ಇನ್ನೂ ಬಿಗಿಯಾಯಿತು. ಖಾಜಾಬಿ ಬಿಚ್ಚಿದಳು.

ಅಳು ಬಂದದ್ದು ನೀಲಮ್ಮನಿಗೆ ಮಾತ್ರ. “ನಾ ಇಳೀಲಿಲ್ಲಂದ್ರ ನಾ ಮನಿಮಗಳು ಅಲ್ಲೇನು?”

ಭೀಮರಾಯ ತಲೆಯೆತ್ತಿದ. “ಏ ಹುಚ್ಚಿ, ವಾರ ಬಿಟ್ಟು ನಾನಽ ಇಳೀತೇನಿ. ಬುಟ್ಟಿ ಮ್ಯಾಲ ಬಂದಾಗ ನೀ ಹಿಡಿಬೇಕು. ಮಗಳಾದಾಕಿ ಮ್ಯಾಲ ನಿಂತು ಹಿಡೀತಾಳ, ಇನ್ನ ಮ್ಯಾಲ ಹಂಗಽ ನಮ್ಮನ್ಯಾಗ.” ಆಮೇಲೆ ನನ್ನ ಕಡೆ ತಿರುಗಿದ. “ಒಯ್ಯೂದಿದ್ರ ಒಯ್ರಿ ಬಾಯಾರ. ನನಗ ಮಾತಾಡಾಕ ಮಾರಿ ಇಲ್ಲ. ಆದ್ರ ಒಂದು ಖರೆ ಹೇಳ್ರಿ. ನಾ ಯಾರಿಗೂ ಏನೂ ಅನ್ನಂಗಿಲ್ಲ. ನಿಮಗ ಯಾರು ಹೇಳಿದ್ರು?”

ನಾನು ನೋಟುಬುಕ್ಕು ತೆರೆದು ಆ ವೃತ್ತವನ್ನು ತೋರಿಸಿದೆ. ನೀಲಮ್ಮನನ್ನು ಹತ್ತಿರ ಕರೆದು, ನಿನ್ನೆ ನೀನು ಇಲ್ಲಿ ಚೂರು ಇಟ್ಟೆಯಾ, ಇಟ್ಟಿದ್ದರೂ ತಪ್ಪಿಲ್ಲ ಎಂದೆ.

ಅವಳು ಮೂಗು ಒರೆಸಿಕೊಂಡು ಸ್ಪಷ್ಟವಾಗಿ ಹೇಳಿದಳು, “ನಾ ಅಲ್ಲಿ ಏನೂ ಇಟ್ಟಿಲ್ರಿ. ಚೂರು ಎಲ್ಲಾ ಮುಗದಿದ್ವು. ನೀವಽ ಅಲ್ಲಿ ಬೆರಳು ಇಟ್ರಿ.”

“ನಾನು?”

“ಹೌದ್ರಿ. ಹಿಂಗ.” ಅವಳು ತೋರುಬೆರಳನ್ನು ನೆಲಕ್ಕೆ ಒತ್ತಿ ತೋರಿಸಿದಳು. “ಇಟ್ಕೊಂಡು ಕುಂತಬಿಟ್ರಿ. ನಾ ಏನ್ರಿ ಅಂದೆ, ಮಾತಾಡ್ಲಿಲ್ಲ. ಬಾಳ ಹೊತ್ತು ಕುಂತ್ರಿ. ದಣಿದೀರಿ ಅಂತ ನಾನೂ ಸುಮ್ಮನ ಕುಂತೆ. ಆಮ್ಯಾಲ ಬುಕ್ಕಿನ್ಯಾಗ ಬರದ್ರಿ, ಚೂರು ಎಣಸಿದ್ರಿ, ಎದ್ರಿ.”

ಎಂಟು ವರ್ಷದ ಮಗು ಇಂಥದನ್ನು ಕಟ್ಟಿ ಹೇಳುವ ಕಾರಣ ನನಗೆ ಕಾಣುವುದಿಲ್ಲ. ಗಡಿಯಾರದ ಲೆಕ್ಕವೂ ಅವಳ ಮಾತಿಗೆ ಹೊಂದುತ್ತದೆ. ಆದರೆ ಆ ಹೊತ್ತು ನನ್ನ ನೆನಪಿನಲ್ಲಿ ಇಲ್ಲ, ಇಂದಿಗೂ ಇಲ್ಲ. ಅಲ್ಲಿಂದ ಈಚೆಗೆ ಇದನ್ನು ಹಲವು ರೀತಿ ಯೋಚಿಸಿದ್ದೇನೆ. ಖಾಜಾಬಿಗೆ ಗುರುಬಾಯಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತೇ? ಖಾಜಾಬಿ ಇಡೀ ಹೊತ್ತು ಮಲಗಿದ್ದಳು, ಗುರುಬಾಯಿ ಹೇಳುವವಳೂ ಅಲ್ಲ. ಕೊಟ್ಟಿಗೆಯ ಒಳಬಾಗಿಲಿನಲ್ಲಿ ನಿಂತಾಗ ಹುಳಿವಾಸನೆ ನನಗೆ ಅರಿವಿಲ್ಲದೆ ಬಡಿದಿತ್ತೇ? ಮೊಳದುದ್ದ ಮಣ್ಣಿನ ಮೇಲೆ, ಕೊಟ್ಟಿಗೆಯ ವಾಸನೆಯ ನಡುವೆ? ನೀಲಮ್ಮ ಆ ಜಾಗವನ್ನು ತಪ್ಪಿಸಿ ತಪ್ಪಿಸಿ ಚೂರು ಇಡುತ್ತಿದ್ದುದನ್ನು ನನ್ನ ಕಣ್ಣು ಹಿಡಿದು, ನನಗೆ ತಿಳಿಸದೆ ಗುರುತು ಹಾಕಿತೇ? ಇದು ಎಲ್ಲಕ್ಕಿಂತ ಒಪ್ಪುವಂಥದು. ಒಂದು ತೊಡಕಿದೆ. ಹಾಗಿದ್ದರೆ ನನಗೆ ಅದು ಮತ್ತೆಯೂ ಆಗಬೇಕಿತ್ತು. ಆಮೇಲೆ ಎಷ್ಟೋ ಮನೆಗಳಲ್ಲಿ ಎಷ್ಟೋ ಮಕ್ಕಳ ಎದುರು ಕುಳಿತಿದ್ದೇನೆ. ನಾಚಿಕೆಯಿಂದ ಹೇಳುತ್ತೇನೆ, ಕೆಲವು ಸಲ ಚೂರು ಮುಗಿದ ಮೇಲೆ ಖಾಲಿ ನೆಲದ ಮೇಲೆ ಬೇಕೆಂದೇ ಬೆರಳಿಟ್ಟು ಕಾದು ನೋಡಿದ್ದೇನೆ. ಮಕ್ಕಳು ನಕ್ಕಿವೆ. ಬೇರೇನೂ ಆಗಿಲ್ಲ.

ಗುರುಬಾಯಿ ಮಾತ್ರ ಅಂದು ಒಂದು ಮಾತು ಅಂದಳು: “ಆಕಿ ಅವ್ವ ಇಳಿದ ಹಗೇವು ಅದು.” ಅದನ್ನು ಅಳೆಯಲು ನನ್ನ ಬಳಿ ಪಟ್ಟಿಯಿಲ್ಲ.

ಆ ಬೆಳಿಗ್ಗೆ ನನಗೆ ಮಾಡಲು ಬೇರೆ ಕೆಲಸವಿತ್ತು. ನಿಯಮದಂತೆ ಹುಡುಗಿಯನ್ನು ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಅಪಾಯ ಸಿಕ್ಕಿತ್ತು. ಆದರೆ ಎರಡನೆಯ ಸಲ, ಮೂರನೆಯ ಸಲ ಯಾರೂ ಹೇಳದೆ ದೀಪ ಹಚ್ಚಿದ ಮನುಷ್ಯನನ್ನು ನಾನು ನೋಡಿದ್ದೆ. ಒಂದು ದೀಪ ಆರಿದ್ದಕ್ಕೆ ತಲೆಮಾರುಗಳ ರೂಢಿಯನ್ನು ಕೂತಲ್ಲೇ ತಿದ್ದಿಕೊಂಡ ಮನೆ ಅದು. ತೆರೆದ ಬಾಯಿಗೆ ಮುಳ್ಳಿನ ಬೇಲಿ ಹಾಕಿಸಿ, ‘ಮಗು ಇಲ್ಲಿಯೇ ಇರಲಿ’ ಎಂದು ಬರೆದು ಅಂಕಿತ ಹಾಕಿದೆ. ನೀಲಮ್ಮನಿಗೆ ಓದಿ ಹೇಳಿದೆ. ಅವಳು ಕಾಗದವನ್ನು ತಲೆಕೆಳಗಾಗಿ ಹಿಡಿದು ತಾನೂ ಓದಿದಳು.

ಒಂದು ಅಂಕಣ ಉಳಿದಿತ್ತು. ನಮೂನೆಯಲ್ಲಿಲ್ಲದ ಅಪಾಯವೇನಾದರೂ ಕಂಡುಬಂದರೆ ಅದನ್ನು ಬರೆದು, ಮಾಹಿತಿ ಕೊಟ್ಟವರ ಹೆಸರನ್ನೂ ಬರೆಯಬೇಕು. ಜೋಳದ ಮಾತು ಎತ್ತದೆ, ‘ಹಿತ್ತಿಲಿನ ಗುಂಡಿಯಲ್ಲಿ ಕೆಟ್ಟ ಗಾಳಿ’ ಎಂದಷ್ಟೇ ಬರೆದೆ. ಹೆಸರಿಲ್ಲದಿದ್ದರೆ ಕಾಗದ ಮರಳಿ ಬರುತ್ತದೆ, ಬೇರೊಬ್ಬರು ಬಂದು ಮನೆಯವರನ್ನೆಲ್ಲ ಮತ್ತೆ ಕೇಳುತ್ತಾರೆ. ನೀಲಮ್ಮನ ಹೆಸರು ಬರೆದರೆ ಸುಲಭವಿತ್ತು. ಅದು ಸುಳ್ಳು, ಮತ್ತು ಆ ಸುಳ್ಳು ಎಂದಾದರೊಂದು ದಿನ ಕಮಲಾಪುರಕ್ಕೆ ತಲುಪುತ್ತಿತ್ತು. ನೋಡಲು ಬಂದವರು ತಮ್ಮ ಹೆಸರನ್ನು ಅಲ್ಲಿ ಬರೆಯುವ ಹಾಗಿಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು.

ಮೋಟಾರು ನಿಲ್ಲುವ ಜಾಗದಲ್ಲಿ, ಚೀಲವನ್ನು ಮೊಣಕಾಲ ಮೇಲಿಟ್ಟುಕೊಂಡು, ಆ ಸಣ್ಣ ಅಕ್ಷರಗಳನ್ನು ಓದಿಯೂ ಆ ಅಂಕಣದಲ್ಲಿ ನನ್ನ ಹೆಸರನ್ನೇ ಬರೆದೆ. ಅಂಕಿತ ಹಾಕುವ ಹಾಗೆ ಬರೆಯಲು ಬರಲಿಲ್ಲ. ಗುರುತಿಲ್ಲದವರ ಹೆಸರನ್ನು ಕೇಳಿಕೊಂಡು ಬರೆಯುವಾಗ ಮಾಡುವ ಹಾಗೆ, ಒಂದೊಂದೇ ಅಕ್ಷರ ನಿಲ್ಲಿಸಿ ಬರೆದು, ಸರಿಯಾಗಿದೆಯೇ ಎಂದು ಎರಡು ಸಲ ಓದಿಕೊಂಡೆ.